‘ಜೆಂಟಲ್’ ಎಂಬ ಮಾತಿನ ಕುಲಗೋತ್ರ

ಮನುಷ್ಯರ ಕುಲಗೋತ್ರವನ್ನು ವಿಚಾರಿಸುವುದು ಸಭ್ಯತೆಯಲ್ಲ. ಮಾತುಗಳ ಕುಲಗೋತ್ರವನ್ನು ವಿಚಾರಿಸಿದರೆ ಯಾರ ಆಕ್ಷೇಪಣೆಯೂ ಇರಲಾರದು. ‘ಜೆಂಟಲ್’ ಎಂಬ ಇಂಗ್ಲಿಷ್ ಶಬ್ದವನ್ನು ನಾವು ಸೌಮ್ಯ, ಮೃದು, ದಯಾಳು ಎಂದು ಕನ್ನಡಿಸುತ್ತೇವೆ. ಇಷ್ಟು ಸಾಧುವಾದ ಈ ಮಾತಿನ ಮೂಲವನ್ನು ಅರಸಿಕೊಂಡು ಹೋದರೆ ಅಲ್ಲಿ ದಯೆ ಸಿಕ್ಕುವುದಿಲ್ಲ, ಸಿಕ್ಕುವುದು ಕುಲವೇ.

ಲ್ಯಾಟಿನ್ ಭಾಷೆಯಲ್ಲಿ ‘ಗೆನ್ಸ್’ ಎಂದರೆ ಕುಲ. ಗಾಯಸ್ ಜೂಲಿಯಸ್ ಸೀಸರ್ ಎಂಬಲ್ಲಿ ‘ಜೂಲಿಯಸ್’ ಎಂಬುದು ಕುಲನಾಮ. ಒಂದೇ ಕುಲದವನು ‘ಗೆಂಟಿಲಿಸ್’. ಸಿಸೆರೊ ಕ್ರಿ. ಪೂ. 44ರಲ್ಲಿ ಬರೆದ ‘ಟಾಪಿಕ’ ಗ್ರಂಥದಲ್ಲಿ ಇದಕ್ಕೆ ಲಕ್ಷಣ ಹೇಳುತ್ತಾನೆ: ಕುಲನಾಮ ಒಂದೇ ಆಗಿದ್ದರೆ ಸಾಲದು, ಸ್ವತಂತ್ರರ ಹೊಟ್ಟೆಯಲ್ಲಿ ಹುಟ್ಟಿರಬೇಕು, ಪೂರ್ವಿಕರಲ್ಲಿ ಯಾರೂ ಗುಲಾಮರಾಗಿರಬಾರದು. ದಯೆಯ ಶಬ್ದ ಹುಟ್ಟಿದ್ದು ಹೀಗೆ, ಬಾಗಿಲು ಹಾಕಿದ ಮನೆಯಲ್ಲಿ.

ಈ ಶಬ್ದ ಹಳೆಯ ಫ್ರೆಂಚಿನಲ್ಲಿ ‘ಉತ್ತಮ ಕುಲದಲ್ಲಿ ಹುಟ್ಟಿದ’ ಎಂಬ ಅರ್ಥವನ್ನು ಪಡೆಯಿತು. 13ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ‘ಜೆಂಟಲ್‌ಮನ್’ ಎಂದರೆ ಆಗ ದೊಡ್ಡ ಮನೆತನದವನು. ಒಳ್ಳೆಯವನೇ ಆಗಿರಬೇಕೆಂಬ ನಿರ್ಬಂಧವೇನೂ ಇರಲಿಲ್ಲ.

ಆದರೆ ದೊಡ್ಡ ಮನೆತನದವರಿಂದ ಜನ ದೊಡ್ಡ ಮನಸ್ಸನ್ನು ನಿರೀಕ್ಷಿಸುತ್ತಾರೆ. ಆ ನಿರೀಕ್ಷೆ ಸುಳ್ಳಾದಾಗ ಪ್ರಶ್ನೆಯೇಳುತ್ತದೆ. 13ನೆಯ ಶತಮಾನದಲ್ಲಿ ಇಟಲಿಯ ಕವಿ ಗ್ವಿನಿಟ್ಸೆಲ್ಲಿ, ಈ ಹಿರಿಮೆಯಿರುವುದು ಹೃದಯದಲ್ಲಿ, ವಂಶದಲ್ಲಲ್ಲ ಎಂದು ವಾದಿಸಿದನು. ಮುಂದಿನ ಶತಮಾನದ ಆರಂಭದಲ್ಲಿ ಡಾಂಟೆ ‘ಕೊನ್ವೀವಿಯೊ’ ಗ್ರಂಥದ ನಾಲ್ಕನೆಯ ಭಾಗವನ್ನು ಈ ಚರ್ಚೆಗೇ ಮೀಸಲಿಟ್ಟು, ಕುಲೀನತೆ ಬರುವುದು ಹಳೆಯ ಐಶ್ವರ್ಯದಿಂದಲ್ಲ, ಗುಣದಿಂದ ಎಂದು ಸಾಧಿಸಿದನು. 1400ರಲ್ಲಿ ತೀರಿಕೊಂಡ ಚಾಸರ್ ಕವಿ ‘ಕ್ಯಾಂಟರ್‌ಬರಿ ಕಥೆ’ಗಳಲ್ಲೊಂದರಲ್ಲಿ, ಹುಟ್ಟಿನ ಹೆಮ್ಮೆಯಿಂದ ಬೀಗುವ ಸರದಾರನಿಗೆ ಬಡ ಮುದುಕಿಯೊಬ್ಬಳ ಬಾಯಿಂದ ಇದೇ ಪಾಠವನ್ನು ಹೇಳಿಸಿದನು.

ಕವಿಗಳ ವಾದಕ್ಕೆ ಸಮಾಜ ಒಡನೆಯೇ ತಲೆಬಾಗಲಿಲ್ಲ. 1670ರಲ್ಲಿ ಮೋಲಿಯೇರನ ನಾಟಕದ ವರ್ತಕ ‘ಜೆಂಟಲ್‌ಮನ್’ ಆಗಲು ಹೆಣಗಿ ನಗೆಪಾಟಲಾಗುತ್ತಾನೆ. ಆದರೂ ಭಾಷೆ ಮೆಲ್ಲಮೆಲ್ಲನೆ ಕವಿಗಳ ಪಕ್ಷವನ್ನೇ ಹಿಡಿಯಿತು. ಇಂಗ್ಲಿಷಿನಲ್ಲಿ 16ನೆಯ ಶತಮಾನದ ವೇಳೆಗೆ ‘ಸೌಮ್ಯ’ ಎಂಬ ಅರ್ಥ ಬಂದಿತು. ಫ್ರೆಂಚರಿಗೆ ಇಂದು ‘ಜಾಂತಿ’ ಎಂದರೆ ಒಳ್ಳೆಯ ಸ್ವಭಾವದವನು. ಮಕ್ಕಳಿಗೆ ಹೇಳಿದರೆ, ‘ಹೇಳಿದ ಮಾತು ಕೇಳುವ ಜಾಣ’. ಇಟಲಿಯವರು ಕಾಗದ ಬರೆಯುವಾಗ ‘ಜೆಂಟೀಲೆ’ ಎಂದೇ ಸಂಬೋಧಿಸುತ್ತಾರೆ. ಸ್ಪೇನಿನವರಿಗೆ ಅದೇ ಶಬ್ದ ಲಾವಣ್ಯವನ್ನೂ ಸೂಚಿಸುತ್ತದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಇದೇ ವಂಶದಲ್ಲಿ ಇನ್ನೊಂದು ಕವಲಿದೆ. ಯೆಹೂದ್ಯರಲ್ಲದ ಜನಾಂಗಗಳನ್ನು ಬೈಬಲಿನ ಲ್ಯಾಟಿನ್ ಅನುವಾದ ‘ಗೆಂಟೆಸ್’ ಎಂದು ಕರೆಯಿತು. ಕ್ರೈಸ್ತರ ಬಳಕೆಯಲ್ಲಿ ‘ಗೆಂಟಿಲಿಸ್’ ಎಂದರೆ ಅನ್ಯಮತೀಯನೆಂದಾಯಿತು. ನಮ್ಮವನೆಂಬ ಮಾತೇ ನಮ್ಮವನಲ್ಲ ಎಂಬ ಮಾತಾಯಿತು! ಈ ಅರ್ಥವೇ ಹಡಗನ್ನೇರಿ ನಮ್ಮ ದೇಶಕ್ಕೂ ಬಂದಿತು. ಪೋರ್ಚುಗೀಸರು ಹಿಂದೂಗಳನ್ನು ‘ಜೆಂಟಿಯೊ’ ಎಂದರು. ಇಂಗ್ಲಿಷರ ಬಾಯಲ್ಲಿ ಅದು ‘ಜೆಂಟೂ’ ಆಯಿತು. ಮದರಾಸಿನ ಇಂಗ್ಲಿಷರು ತೆಲುಗು ಭಾಷೆಗೂ ಅದೇ ಹೆಸರಿಟ್ಟರು. ವಾರನ್ ಹೇಸ್ಟಿಂಗ್ಸನ ಪ್ರೇರಣೆಯಿಂದ ಹಾಲ್‌ಹೆಡ್ ಇಂಗ್ಲಿಷಿಗೆ ತಂದ ಹಿಂದೂ ಧರ್ಮಶಾಸ್ತ್ರ 1776ರಲ್ಲಿ ಅಚ್ಚಾದದ್ದು ‘ಜೆಂಟೂ ಕಾನೂನುಗಳ ಸಂಹಿತೆ’ ಎಂಬ ಹೆಸರಿನಿಂದಲೇ. ಅಂದಿನ ಇಂಗ್ಲಿಷ್ ಅಧಿಕಾರಿ ತನ್ನನ್ನು ‘ಜೆಂಟಲ್‌ಮನ್’ ಎಂದುಕೊಂಡನು; ತಾನು ಆಳುತ್ತಿದ್ದವನನ್ನು ‘ಜೆಂಟೂ’ ಎಂದನು. ಎರಡೂ ದಾಯಾದಿ ಶಬ್ದಗಳೆಂಬುದು ಅವನಲ್ಲಿ ಎಷ್ಟು ಮಂದಿಗೆ ಹೊಳೆದಿತ್ತೋ!

ಲ್ಯಾಟಿನ್ನಿನ ಸೋಂಕಿಲ್ಲದ, ಇಂಗ್ಲಿಷಿನ ಅಚ್ಚ ದೇಶ್ಯವಾದ ‘ಕೈಂಡ್’ ಶಬ್ದವೂ ಬಂಧುಗಳೆಂಬ ಅರ್ಥದ ‘ಕಿನ್’ ಶಬ್ದದ ಸಂಬಂಧಿಯೇ. ದಯೆ ಮೊದಲು ಮೊಳೆಯುವುದು ನಮ್ಮವರ ನಡುವೆ ಎಂದು ಭಾಷೆಗಳು ಒಪ್ಪಿಕೊಂಡಂತೆ ನನಗೆ ತೋರುತ್ತದೆ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ಬೀಜ ಮೊಳೆತ ಕುಂಡದಲ್ಲೇ ಮರ ಬೆಳೆಯಲಾರದು. ‘ನಮ್ಮವರು’ ಎಂಬ ಮಾತಿನ ಎಲ್ಲೆಯನ್ನು ಎಲ್ಲಿಯವರೆಗೆ ಒಯ್ಯುತ್ತೇವೆ ಎಂಬುದನ್ನು ನಿಘಂಟು ಹೇಳುವುದಿಲ್ಲ. ಮಾತನ್ನು ಆಡುವವರೇ ತೀರ್ಮಾನಿಸಬೇಕು.