ದವಾಖಾನಿಯೋ, ವಿಮಾನವೋ: ದೋಆಬಿನ ಎರಡು ಕನಸುಗಳ ಕಥೆ

ಪಿಯುಸಿ ಫಲಿತಾಂಶ ಬಂದ ವಾರ ಸಿಂಧನೂರಿನ ಗಂಜ್‌ನಲ್ಲಾಗಲಿ, ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಾಗಲಿ, ಮಸ್ಕಿಯ ಚಹಾದಂಗಡಿಯಲ್ಲಾಗಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ. ವಿಜ್ಞಾನದಲ್ಲಿ ಒಳ್ಳೆಯ ಅಂಕ ತಂದವರನ್ನು ಹಿರಿಯರು ನಿಲ್ಲಿಸಿ, ‘ಏನಪಾ, ಡಾಕ್ಟರ್ ಆಗ್ತೀಯೇನು?’ ಎಂದು ಕೇಳುತ್ತಾರೆ. ‘ಇಲ್ರಿ ಕಾಕಾ, ಪೈಲಟ್ ಆಗಬೇಕಂತೀನಿ’ ಎಂಬ ಉತ್ತರ ಬಂದರೆ ಕೇಳಿದವರು ಅರೆಗಳಿಗೆ ಸುಮ್ಮನಾಗುತ್ತಾರೆ. ಬೇಡವೆನ್ನಲು ಬಾಯಿ ಬರುವುದಿಲ್ಲ, ಆಗಲಿ ಎನ್ನಲು ದಾರಿ ಗೊತ್ತಿಲ್ಲ. ದವಾಖಾನಿ ಪ್ರತಿ ಓಣಿಯಲ್ಲೂ ಇದೆ. ವಿಮಾನ ಮಾತ್ರ ತಲೆಯ ಮೇಲೆ ಹಾದುಹೋಗುತ್ತದೆ. ಸಿಂಧನೂರಿಗೆ ರೈಲು ಬಂದದ್ದೇ 2024ರಲ್ಲಿ ಎಂಬುದನ್ನು ನೆನೆದರೆ ಈ ಮೌನ ಅರ್ಥವಾಗದ್ದೇನಲ್ಲ.

ಒಂದು ಕನಸು ಇಷ್ಟು ಹತ್ತಿರ, ಇನ್ನೊಂದು ಅಷ್ಟು ದೂರ ಯಾಕಾಯಿತು? ಇದನ್ನು ಹುಡುಗರ ಅಭಿರುಚಿಯ ಪ್ರಶ್ನೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ನೆಲದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ವೈದ್ಯದ ಮಾತು ಈ ಭಾಗಕ್ಕೆ ಬಹಳ ಹಳೆಯದು. ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಗುರುತಿಸಿದವರು ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನ ಅದು. ಅದೇ ಅಶೋಕ ತನ್ನ ಇನ್ನೊಂದು ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನೂ ಔಷಧಿ ಗಿಡಗಳನ್ನು ನೆಡಿಸಿದ್ದನ್ನೂ ಹೇಳಿಕೊಂಡಿದ್ದಾನೆ. ಮಸ್ಕಿಯ ಬಂಡೆಯಲ್ಲಿ ಆ ಸಾಲುಗಳಿಲ್ಲ. ಅವನ್ನು ನೋಡಲು ಆಂಧ್ರದ ಕರ್ನೂಲು ಸೀಮೆಯ ಎರ್ರಗುಡಿಗೆ ಹೋಗಬೇಕು. ಇರಲಿ.

ಆಧುನಿಕ ವೈದ್ಯಕೀಯ ಈ ಸೀಮೆಗೆ ಬಂದದ್ದು ಹೈದರಾಬಾದಿನ ದಾರಿಯಿಂದ. ರಾಯಚೂರು, ಗುಲಬರ್ಗಾ, ಬೀದರ್ ಜಿಲ್ಲೆಗಳು ನಿಜಾಮನ ಆಳ್ವಿಕೆಯಲ್ಲಿದ್ದವು. ಹಿಂದೆ ದಂಡಿನ ಊರಾಗಿದ್ದ ಲಿಂಗಸುಗೂರು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವೇ ಆಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ಒಡೆದು ಊರನ್ನು ತಾಲ್ಲೂಕಿಗೆ ಇಳಿಸಲಾಯಿತು. ಓದಿಗಾಗಲಿ, ದೊಡ್ಡ ಚಿಕಿತ್ಸೆಗಾಗಲಿ, ದೊಡ್ಡ ನೌಕರಿಗಾಗಲಿ ಮುಖ ಮಾಡಬೇಕಾದದ್ದು ಹೈದರಾಬಾದಿನ ಕಡೆಗೆ.

ಅಲ್ಲಿ ವೈದ್ಯಕೀಯ ಶಾಲೆ ಆರಂಭವಾದದ್ದು 1846ರಲ್ಲಿ. ಶತಮಾನದ ಕೊನೆಯ ಹೊತ್ತಿಗೆ ಅದು ಜಗತ್ತಿನ ಗಮನ ಸೆಳೆಯಿತು. ರೋಗಿಗೆ ಕ್ಲೋರೋಫಾರಂ ಕೊಡುವುದು ಎಷ್ಟು ಸುರಕ್ಷಿತ ಎಂಬ ವಾದಕ್ಕೆ ಉತ್ತರ ಹುಡುಕಲು ನಿಜಾಮನ ಹಣದಿಂದ 1888 ಮತ್ತು 1889ರಲ್ಲಿ ಎರಡು ಆಯೋಗಗಳು ನಡೆದವು. ಅವುಗಳ ಹಿಂದಿದ್ದವರು ಡಾ. ಎಡ್ವರ್ಡ್ ಲಾರಿ. ಅವರ ಶಿಷ್ಯೆ ರೂಪಾಬಾಯಿ ಫರ್ದೂನ್‌ಜಿ 1889ರಲ್ಲಿ ಹಕೀಮ್ ಪದವಿ ಪಡೆದರು. ಅರಿವಳಿಕೆ ಕೊಡುವ ವೈದ್ಯವೃತ್ತಿಯಲ್ಲಿ ಜಗತ್ತಿನ ಮೊದಲ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ಹೆಣ್ಣುಮಕ್ಕಳು ಡಾಕ್ಟರ್ ಓದುವುದು ಈಚಿನ ರೂಢಿ ಎಂದು ತಿಳಿದವರು ಈ ಇಸವಿಯನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡರು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂಬ ತಿಳಿವಳಿಕೆಗೆ ಬುನಾದಿ ಬಿದ್ದದ್ದು ಅಂದು. ಅವರು ಕೆಲಸ ಮಾಡಿದ ಕಟ್ಟಡ ಇರುವುದು ಬೇಗಂಪೇಟೆಯಲ್ಲಿ. ಮುಂದೆ ಅದರ ಬಗಲಲ್ಲೇ ನಿಜಾಮನ ವಿಮಾನ ನಿಲ್ದಾಣ ಎದ್ದಿತು. ಹೀಗೆ ದೋಆಬಿನ ಹುಡುಗನ ಎರಡೂ ಕನಸುಗಳು ಒಂದೇ ಬಡಾವಣೆಯಲ್ಲಿ ಅಕ್ಕಪಕ್ಕ ಕುಳಿತವು.

ಆದರೆ ಬಾಗಿಲಲ್ಲಿ ಭಾಷೆಯ ಬೀಗವಿತ್ತು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆ ಉರ್ದು. ಪಾಶ್ಚಾತ್ಯ ಶಾಸ್ತ್ರಗ್ರಂಥಗಳನ್ನು ಉರ್ದುವಿಗೆ ತರಲು ಒಂದು ಭಾಷಾಂತರ ಇಲಾಖೆಯೇ ಇತ್ತು, ವೈದ್ಯಕೀಯವನ್ನೂ ಉರ್ದುವಿನಲ್ಲೇ ಕಲಿಸಿದರು. ಒಂದು ದೇಶಭಾಷೆಯಲ್ಲಿ ಅಂಗರಚನಾಶಾಸ್ತ್ರ ಕಲಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು ಎಂಬ ಮಗುವಿಗೆ ಅದು ದುಪ್ಪಟ್ಟು ಹೊರೆ. ಉರ್ದು ಬಲ್ಲ ನೌಕರಸ್ಥರ, ದೇಸಾಯಿ ದೇಶಪಾಂಡೆಯರ ಮನೆಯವರಿಗೆ ದಕ್ಕಿದ್ದು ಒಕ್ಕಲುಮಗನಿಗೆ ದಕ್ಕಲಿಲ್ಲ.

ವಿಮಾನದ ಕಥೆ ಹೈದರಾಬಾದಿಗಿಂತ ಹತ್ತಿರದಲ್ಲಿ, ತುಂಗಭದ್ರೆಯ ಆಚೆ ದಡದ ಬಳ್ಳಾರಿಯಲ್ಲಿ ಆರಂಭವಾಗುತ್ತದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಅಂಚೆ ಹೊತ್ತು ಪುಟ್ಟ ಪುಸ್ ಮಾತ್ ವಿಮಾನ ಹಾರಿಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಲ್ಲಿಂದ ಮುಂದಕ್ಕೆ ಅಂಚೆಯನ್ನು ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್, ನಡುವೆ ಇಳಿದದ್ದು ಬಳ್ಳಾರಿಯಲ್ಲಿ. ಸಿಂಧನೂರಿನವರು ಸಿರುಗುಪ್ಪದ ಮೇಲೆ ಬಳ್ಳಾರಿಗೆ ಹೋಗುವುದು ಇವತ್ತಿಗೂ ದಿನನಿತ್ಯದ ಸಂಗತಿ. ಆದರೆ ಅಂದು ಹೊಳೆಯ ಆ ದಡ ಮದ್ರಾಸ್ ಪ್ರಾಂತ, ಈ ದಡ ನಿಜಾಮನ ಸೀಮೆ. ಕೆಲಕಾಲದ ಮೇಲೆ ಅಂಚೆ ವಿಮಾನದ ದಾರಿ ಬಳ್ಳಾರಿಯನ್ನು ಬಿಟ್ಟು ಹೈದರಾಬಾದಿಗೆ ತಿರುಗಿತು.

1945ರಲ್ಲಿ ನಿಜಾಮನ ರೈಲ್ವೆ ಮತ್ತು ಟಾಟಾ ಸಂಸ್ಥೆ ಸೇರಿ ಡೆಕ್ಕನ್ ಏರ್‌ವೇಸ್ ಸ್ಥಾಪಿಸಿದವು. ಬೇಗಂಪೇಟೆಯಿಂದ ಅದರ ಡಕೋಟಾ ವಿಮಾನಗಳು ಹಾರಿದವು. ಅಲಹಾಬಾದಿನಲ್ಲಿ ಹಾರಾಟ ಕಲಿತು 1947ರಲ್ಲಿ ವಾಣಿಜ್ಯ ಪೈಲಟ್ ಪರವಾನಗಿ ಪಡೆದ ಪ್ರೇಮ್ ಮಾಥುರ್ ಅವರನ್ನು ಹೆಣ್ಣೆಂಬ ಕಾರಣಕ್ಕೆ ಕಂಪನಿಗಳು ಒಂದಾದ ಮೇಲೊಂದರಂತೆ ತಿರಸ್ಕರಿಸಿದಾಗ ಕೆಲಸ ಕೊಟ್ಟದ್ದು ಈ ಡೆಕ್ಕನ್ ಏರ್‌ವೇಸ್. 1949ರ ರಾಷ್ಟ್ರೀಯ ವಿಮಾನ ಸ್ಪರ್ಧೆಯಲ್ಲಿ ಅವರು ಗೆದ್ದರು. ಆದರೂ ಕಂಪನಿ ಅವರನ್ನು ಸಹ ಪೈಲಟ್ ಸ್ಥಾನದಿಂದ ಮೇಲಕ್ಕೇರಿಸಲಿಲ್ಲ.

ಹಳ್ಳಿಗಳ ಜನರ ಮನಸ್ಸಿನಲ್ಲಿ ವಿಮಾನ ಬೇರೆ ರೂಪದಲ್ಲೇ ಉಳಿಯಿತು. 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಸಾಹಸಿ ರಾತ್ರೋರಾತ್ರಿ ಕರಾಚಿಯಿಂದ ನಿಜಾಮನಿಗೆ ಶಸ್ತ್ರಾಸ್ತ್ರ ಸಾಗಿಸುತ್ತಿದ್ದ. ಅವನ ವಿಮಾನಗಳು ಇಳಿಯುತ್ತಿದ್ದ ತಾಣಗಳಲ್ಲಿ ಬೀದರ್ ಒಂದು. ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆಯಲ್ಲಿ ಭಾರತೀಯ ವಾಯುಪಡೆ ಬೀದರಿನ ವಿಮಾನತಾಣದ ಮೇಲೆ ಬಾಂಬು ಹಾಕಿತು. 17ರಂದು ನಿಜಾಮ ಶರಣಾದ. ದವಾಖಾನಿ ಜೀವ ಉಳಿಸುವ ಜಾಗ, ವಿಮಾನ ಮೇಲಿನಿಂದ ಬರುವ ಗಂಡಾಂತರ ಎಂದು ಆ ತಲೆಮಾರು ಭಾವಿಸಿದ್ದರೆ ತಪ್ಪೆನ್ನಲಾಗದು.

1953ರಲ್ಲಿ ಎಂಟು ಖಾಸಗಿ ಕಂಪನಿಗಳನ್ನು ಸೇರಿಸಿ ಇಂಡಿಯನ್ ಏರ್‌ಲೈನ್ಸ್ ರಚನೆಯಾದಾಗ ಡೆಕ್ಕನ್ ಏರ್‌ವೇಸ್ ಅದರಲ್ಲಿ ಕರಗಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ದೋಆಬಿನ ಮುಖ ಹೈದರಾಬಾದಿನಿಂದ ಬೆಂಗಳೂರಿಗೆ ತಿರುಗಿತು. ಅಲ್ಲಿ ವಿಮಾನಕ್ಕೇನೂ ಕೊರತೆ ಇರಲಿಲ್ಲ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಬೆಂಬಲದಿಂದ 1940ರಲ್ಲಿ ಕಟ್ಟಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಇತ್ತು. ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆ ಇತ್ತು. ಆ ಶಾಲೆಯಲ್ಲಿ 1949ರಲ್ಲಿ ತರಬೇತಿ ಮುಗಿಸಿದ ಉಷಾ ಸುಂದರಂ, ಪತಿ ಕ್ಯಾಪ್ಟನ್ ಸುಂದರಂ ಜೊತೆ ಇಂಗ್ಲೆಂಡಿನಿಂದ ಡವ್ ವಿಮಾನವನ್ನು 27 ಗಂಟೆಗಳಲ್ಲಿ ಭಾರತಕ್ಕೆ ತಂದು ದಾಖಲೆ ಮಾಡಿದರು. ಆದರೆ ಸಿಂಧನೂರಿನಿಂದ ಜಕ್ಕೂರು ಎಷ್ಟು ದೂರ! ಹಾರಾಟದ ಶುಲ್ಕದ ಮಾತು ಹಾಗಿರಲಿ, ಇಂಥ ಶಾಲೆಯೊಂದು ಇದೆ ಎಂಬ ಸುದ್ದಿ ತಲುಪುವುದೇ ಕಷ್ಟವಿತ್ತು.

ವೈದ್ಯಕೀಯ ಮಾತ್ರ ತಾನಾಗಿ ಹತ್ತಿರ ಬಂತು. 1961ರಲ್ಲಿ ಬಳ್ಳಾರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. 1963ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಗುಲಬರ್ಗಾದಲ್ಲಿ ಕಾಲೇಜು ತೆರೆಯಿತು. ಸಂಸ್ಥೆಯನ್ನು ಕಟ್ಟಿದ ಮಹಾದೇವಪ್ಪ ರಾಂಪೂರೆಯವರ ಹೆಸರನ್ನೇ ಆ ಕಾಲೇಜು ಹೊತ್ತಿದೆ. ಅದೇ ಹೊತ್ತಿಗೆ ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರಿನ ಚಹರೆ ಬದಲಿಸುತ್ತಿತ್ತು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಆಂಧ್ರದ ರೈತರ ಕ್ಯಾಂಪುಗಳು ಎದ್ದವು, ಪೂರ್ವ ಬಂಗಾಳದ ನಿರಾಶ್ರಿತರಿಗೂ ಇಲ್ಲೇ ನೆಲೆ ಸಿಕ್ಕಿತು. ನೀರಿನ ಜೊತೆ ಸೊಳ್ಳೆಯೂ ಬಂತು. ಬೇಗಂಪೇಟೆಯಲ್ಲಿ ರಾಸ್ ಗುರುತಿಸಿದ ರೋಗ ಕ್ಯಾಂಪುಗಳಲ್ಲಿ ಮನೆಮನೆಯ ಮಾತಾಯಿತು. ಜ್ವರ ಬಂದ ಮಗುವನ್ನು ಹೊತ್ತು ರಾತ್ರಿ ದವಾಖಾನಿಯ ಬಾಗಿಲು ಬಡಿದ ಜನ ಡಾಕ್ಟರನನ್ನು ದೇವರ ಸಾಲಿನಲ್ಲಿ ಕೂರಿಸಿದರೆ ಆಶ್ಚರ್ಯವೇನು? ಭತ್ತದ ದುಡ್ಡು ಕೈಗೆ ಬಂದ ಮೇಲೆ ಮಗನನ್ನೋ ಮಗಳನ್ನೋ ಡಾಕ್ಟರ್ ಮಾಡಬೇಕೆಂಬ ಹಟ ಬೆಳೆದದ್ದು ಇಲ್ಲಿಂದಲೇ.

ಆ ಹಟಕ್ಕೆ ಬೆಲೆ ಕಟ್ಟುವವರೂ ಹುಟ್ಟಿಕೊಂಡರು. ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ಕರ್ನಾಟಕ 1984ರಲ್ಲೇ ಕಾನೂನು ಮಾಡಿತಾದರೂ ದಂಧೆ ನಿಲ್ಲಲಿಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಕಾಲೇಜೊಂದರ ಶುಲ್ಕದ ವಿರುದ್ಧ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದರು. ಇಂಥ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದು 1992ರಲ್ಲಿ ತೀರ್ಪು ಬಂತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಇನ್ನಷ್ಟು ನಿಯಮಗಳು ಬಂದವು, ಅದರ ಬೆನ್ನಿಗೇ 1994ರಲ್ಲಿ ರಾಜ್ಯದ ಸಿಇಟಿ ಆರಂಭವಾಯಿತು. ದುಡ್ಡಿಲ್ಲದ ಮನೆಯ ಮಗುವಿಗೂ ರ‍್ಯಾಂಕಿನ ಬಲದಿಂದ ಸೀಟು ಕೇಳುವ ಹಕ್ಕು ಬಂದದ್ದು ದೊಡ್ಡ ಬದಲಾವಣೆ. ಆದರೂ ಬೆಂಗಳೂರು, ಮಂಗಳೂರಿನ ಕೋಚಿಂಗ್ ಮಕ್ಕಳ ಎದುರು ಲಿಂಗಸುಗೂರಿನ ಕನ್ನಡ ಮಾಧ್ಯಮದ ಮಕ್ಕಳು ಓಡಬೇಕಾದ ಓಟ ಸಮನಾಗಿರಲಿಲ್ಲ.

ಸ್ವಲ್ಪವಾದರೂ ಸಮ ಮಾಡಿದ್ದು 371(ಜೆ) ವಿಧಿ. 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ಆಯಿತು. ಅದರಂತೆ ಈ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾದವು. ಅರ್ಹತಾ ಪತ್ರ ಕೊಡುವ ಅಧಿಕಾರ ಉಪವಿಭಾಗಾಧಿಕಾರಿಗೆ ಸಿಕ್ಕಿತು. ಸಿಂಧನೂರು, ಮಸ್ಕಿಯ ಮಕ್ಕಳು ಕಾಗದಪತ್ರ ಹಿಡಿದು ಲಿಂಗಸುಗೂರಿನ ಕಚೇರಿಯ ಮುಂದೆ ಸಾಲು ನಿಂತರು. ಜಿಲ್ಲಾ ಕೇಂದ್ರದ ಪಟ್ಟ ಕಳೆದುಕೊಂಡ ಊರು ಶತಮಾನದ ನಂತರ ಹೀಗೆ ಡಾಕ್ಟರಾಗುವವರ ಮೊದಲ ಮೆಟ್ಟಿಲಾಯಿತು. ರಾಯಚೂರಿನಲ್ಲಿ 2007ರಲ್ಲಿ, ಕೊಪ್ಪಳದಲ್ಲಿ 2015ರಲ್ಲಿ, ಯಾದಗಿರಿಯಲ್ಲಿ 2022ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಬಂದವು.

ಪೈಲಟ್ ಆಗುವವರಿಗೆ ಇಂಥ ಏಣಿ ಇಲ್ಲ. ಪರವಾನಗಿ ಕೊಡುವುದು ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಕಲಿಸುವವರು ಹೆಚ್ಚಾಗಿ ಖಾಸಗಿಯವರು. ಹಾರಾಟದ 200 ಗಂಟೆ ಪೂರೈಸಬೇಕು. ವಾಯುಯಾನ ಪಥನಿರ್ಣಯ, ಹವಾಮಾನ, ವಿಮಾನಯಾನ ನಿಯಮ ಮುಂತಾದ ಪತ್ರಿಕೆಗಳಲ್ಲಿ ಪಾಸಾಗಬೇಕು. ಎಲ್ಲ ಸೇರಿ ಖರ್ಚು ಹಲವು ಹತ್ತು ಲಕ್ಷ. ಸರ್ಕಾರಿ ಸೀಟು ಸಿಕ್ಕ ವೈದ್ಯ ವಿದ್ಯಾರ್ಥಿಯ ಕಾಲೇಜು ಶುಲ್ಕ ವರ್ಷಕ್ಕೆ ಲಕ್ಷದೊಳಗೆ ಮುಗಿಯುತ್ತದೆ. ಪೈಲಟ್ ಕಲಿಯುವವರ ಅಪ್ಪ ಹೊಲ ಅಡವಿಡಬೇಕಾಗುತ್ತದೆ, ಮುಗಿಸಿದ ಮೇಲೂ ಕೆಲಸ ವಿಮಾನ ಕಂಪನಿಗಳ ಏಳುಬೀಳಿನ ಮೇಲೆ ನಿಂತಿರುತ್ತದೆ. 1994ರಲ್ಲಿ ಏರ್ ಕಾರ್ಪೊರೇಷನ್ಸ್ ಕಾಯ್ದೆ ರದ್ದಾಗಿ ಖಾಸಗಿ ಕಂಪನಿಗಳಿಗೆ ಆಕಾಶ ತೆರೆದಾಗ ನೌಕರಿಗಳು ಹೆಚ್ಚಿದ್ದು ನಿಜ. ಆ ಕಂಪನಿಗಳಲ್ಲಿ ಎಷ್ಟೋ ಇಂದು ಹೆಸರಿಗೂ ಇಲ್ಲ ಎಂಬುದೂ ಅಷ್ಟೇ ನಿಜ. ಮನೆಯ ಹಿರಿಯರ ಮೌನವನ್ನು ಹಿಂದುಳಿದ ಬುದ್ಧಿ ಎನ್ನುವವರು ಈ ಲೆಕ್ಕ ಹಾಕಿ ನೋಡಿಲ್ಲ.

ಎರಡೂ ದಾರಿಗಳು ಕೂಡುವ ಒಂದು ಜಾಗ ರಾಜ್ಯದಲ್ಲೇ ಇದೆ ಎಂಬುದು ಹಲವರಿಗೆ ತಿಳಿದಿಲ್ಲ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. 1957ರಲ್ಲಿ ವಿಮಾನಯಾನ ವೈದ್ಯಕೀಯ ಶಾಲೆಯಾಗಿ ಅದು ಆರಂಭವಾಯಿತು. ಎತ್ತರದಲ್ಲಿ ಆಮ್ಲಜನಕ ಕಡಿಮೆಯಾದಾಗ ಮಿದುಳು ಹೇಗೆ ಮಂಕಾಗುತ್ತದೆ, ಯುದ್ಧವಿಮಾನ ಗಕ್ಕನೆ ತಿರುಗಿದಾಗ ರಕ್ತ ಕಾಲಿಗಿಳಿದು ಕಣ್ಣು ಯಾಕೆ ಕತ್ತಲಾಗುತ್ತದೆ ಎಂಬುದನ್ನು ಅಲ್ಲಿ ಅಭ್ಯಾಸ ಮಾಡುತ್ತಾರೆ. ಮನುಷ್ಯನನ್ನು ತೊಟ್ಟಿಲಿನಂತೆ ಕೂರಿಸಿ ಗರಗರನೆ ತಿರುಗಿಸುವ ಯಂತ್ರವೂ ಇದೆ. ಬಾಹ್ಯಾಕಾಶಕ್ಕೆ ಹೋಗುವ ಮೊದಲು, 1982ರಲ್ಲಿ, ರಾಕೇಶ್ ಶರ್ಮಾ ಮತ್ತು ರವೀಶ್ ಮಲ್ಹೋತ್ರಾ ಅವರನ್ನು ಪರೀಕ್ಷಿಸಿದ್ದು ಇಲ್ಲಿ. ಗಗನಯಾನಕ್ಕೆ ಪೈಲಟ್‌ಗಳ ಮೊದಲ ಆಯ್ಕೆ 2019ರಲ್ಲಿ ನಡೆದದ್ದೂ ಇಲ್ಲೇ. ಈ ಶಾಸ್ತ್ರವನ್ನೇ ವೃತ್ತಿ ಮಾಡಿಕೊಂಡ ಪದ್ಮಾವತಿ ಬಂದೋಪಾಧ್ಯಾಯ ತಿರುಪತಿಯಲ್ಲಿ ಹುಟ್ಟಿ, ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಓದಿ, 2004ರಲ್ಲಿ ಭಾರತೀಯ ವಾಯುಪಡೆಯ ಮೊದಲ ಮಹಿಳಾ ಏರ್ ಮಾರ್ಷಲ್ ಆದರು. ಡಾಕ್ಟರೋ ವಿಮಾನವೋ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ‘ಎರಡೂ’.

ಈಗ ದೂರ ಕೊಂಚ ಕುಗ್ಗಿದೆ. 2019ರ ನವೆಂಬರಿನಲ್ಲಿ ಕಲಬುರಗಿಯ ವಿಮಾನ ನಿಲ್ದಾಣ ತೆರೆಯಿತು, ಹಾರಾಟ ತರಬೇತಿಯೂ ಅಲ್ಲಿಗೆ ಬಂತು. ಜಕ್ಕೂರಿನಲ್ಲಿ ಹೆದ್ದಾರಿಯ ಮೇಲ್ಸೇತುವೆಯಿಂದ ರನ್‌ವೇ ಮೊಟಕಾಗಿ ತರಬೇತಿ ಕುಂಟಿದ ಮೇಲೆ ಈ ಬದಲಾವಣೆಗೆ ಹೆಚ್ಚು ಬೆಲೆ ಬಂದಿದೆ.

ಆಯ್ಕೆ ನಿಜವಾಗಿ ನಡೆಯುವುದು ಮಾತ್ರ ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ, ಪಿಯು ಕಾಲೇಜಿನ ಅರ್ಜಿ ತುಂಬುವಾಗ. ನೀಟ್ ಪರೀಕ್ಷೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸಾಕು, ಗಣಿತ ಬೇಡ. ಪೈಲಟ್ ಆಗಲು ಒಂದು ಕಾಲಕ್ಕೆ ಮೆಟ್ರಿಕ್ ಸಾಕಿತ್ತು. 1990ರ ದಶಕದ ನಡುವಿನಿಂದ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯವಾದವು. ಈ ನಿಯಮ ಸಡಿಲಿಸುವ ಪ್ರಸ್ತಾವ 2025ರಲ್ಲಿ ಚರ್ಚೆಗೆ ಬಂದಿದೆ. ನಾಲ್ಕೂ ವಿಷಯ ಇರುವ ಪಿಸಿಎಂಬಿ ತೆಗೆದುಕೊಂಡವರಿಗೆ ಎರಡು ವರ್ಷ ಎರಡೂ ಬಾಗಿಲು ತೆರೆದಿರುತ್ತವೆ. ಪೈಲಟ್ ಆಗಲೇಬೇಕೆಂದವರು ತರಬೇತಿ ಶಾಲೆಗೆ ದುಡ್ಡು ಕಟ್ಟುವ ಮೊದಲು ಮಾನ್ಯತೆ ಪಡೆದ ವೈದ್ಯರ ಬಳಿ ದೇಹಪರೀಕ್ಷೆ ಮಾಡಿಸಿಕೊಳ್ಳಬೇಕು. ಕನ್ನಡಕ ಇದ್ದರೆ ನಾಗರಿಕ ವಿಮಾನಯಾನದಲ್ಲಿ ಅಡ್ಡಿಯಿಲ್ಲ, ಅದರಿಂದ ದೃಷ್ಟಿ ಸರಿಹೋಗಬೇಕಷ್ಟೆ. ಬಣ್ಣ ಗುರುತಿಸುವಲ್ಲಿ ದೋಷವಿದ್ದರೆ ದಾರಿ ಅಲ್ಲಿಗೇ ಮುಚ್ಚಿಹೋಗಬಹುದು. ಹೊಲ ಅಡವಿಟ್ಟ ಮೇಲೆ ಇದು ಗೊತ್ತಾದರೆ ಉಪಯೋಗವಿಲ್ಲ.