ಸೆರೆಯಲ್ಲೂ ಸೋಲದ ಕ್ಯಾಪ್ಟನ್ ಅನ್ಸಾರಿ

ರಣರಂಗದಲ್ಲಿ ಮಡಿದ ಯೋಧರನ್ನು ನಾವು ನೆನೆಯುತ್ತೇವೆ. ಶತ್ರುವಿನ ಸೆರೆಯಲ್ಲಿ ಸತ್ತವರನ್ನು ಮಾತ್ರ ಬೇಗ ಮರೆತುಬಿಡುತ್ತೇವೆ. ಕ್ಯಾಪ್ಟನ್ ಮತೀನ್ ಅಹ್ಮದ್ ಅನ್ಸಾರಿ ಹಾಗೆ ಮರೆತುಹೋದವರಲ್ಲೊಬ್ಬರು.

ಅವರು 1916ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಜನಿಸಿದರು. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಅಂದು ಅದೇ ಸಂಸ್ಥಾನದಲ್ಲಿದ್ದವು. ಎರಡನೇ ಮಹಾಯುದ್ಧದ ವೇಳೆ ಅವರು ಬ್ರಿಟಿಷ್ ಭಾರತದ 7ನೇ ರಜಪೂತ್ ರೆಜಿಮೆಂಟಿನ 5ನೇ ಬೆಟಾಲಿಯನ್‌ನ ಅಧಿಕಾರಿಯಾಗಿ ಹಾಂಕಾಂಗ್‌ನಲ್ಲಿದ್ದರು. 1941ರ ಡಿಸೆಂಬರ್ 8ರಂದು ಜಪಾನೀ ಸೇನೆ ದಾಳಿಯಿಟ್ಟಿತು. ಡಿಸೆಂಬರ್ 25ರಂದು ಹಾಂಕಾಂಗ್ ಶರಣಾಯಿತು. ಅನ್ಸಾರಿ ಯುದ್ಧಕೈದಿಯಾದರು.

ಈ ಅಧಿಕಾರಿ ಸಂಸ್ಥಾನವೊಂದರ ರಾಜಮನೆತನದ ಸಂಬಂಧಿಯೆಂಬುದು ಜಪಾನೀಯರಿಗೆ ತಿಳಿಯಿತು. ಬ್ರಿಟಿಷರಿಗಿತ್ತ ನಿಷ್ಠೆಯನ್ನು ತೊರೆಯಬೇಕು, ಭಾರತೀಯ ಕೈದಿಗಳಲ್ಲಿ ಅಸಮಾಧಾನ ಬಿತ್ತಬೇಕು ಎಂದು ಅವರು ಒತ್ತಾಯಿಸಿದರು. ಅನ್ಸಾರಿ ಒಪ್ಪಲಿಲ್ಲ. 1942ರ ಮೇ ತಿಂಗಳಲ್ಲಿ ಅವರನ್ನು ಸ್ಟಾನ್ಲಿ ಜೈಲಿಗೆ ತಳ್ಳಿ, ಉಪವಾಸ ಕೆಡವಿ, ಹಿಂಸಿಸಲಾಯಿತು. ಶಿಬಿರಕ್ಕೆ ಮರಳಿದ ಮೇಲೂ ಅವರು ಬದಲಾಗಲಿಲ್ಲ. ಸಂಗಡಿಗರ ಪಲಾಯನಕ್ಕೆ ಗುಪ್ತವಾಗಿ ನೆರವಾದರು. ಮತ್ತೆ ಜೈಲು, ಮತ್ತೆ ಹಿಂಸೆ. ಕೊನೆಗೆ 1943ರ ಅಕ್ಟೋಬರ್ 29ರಂದು ಮೂವತ್ತಕ್ಕೂ ಹೆಚ್ಚು ಬ್ರಿಟಿಷ್, ಚೀನೀ ಮತ್ತು ಭಾರತೀಯ ಕೈದಿಗಳೊಂದಿಗೆ ಅವರನ್ನೂ ಶಿರಚ್ಛೇದ ಮಾಡಲಾಯಿತು.

1946ರ ಏಪ್ರಿಲ್‌ನಲ್ಲಿ ಅವರಿಗೆ ಮರಣೋತ್ತರ ಜಾರ್ಜ್ ಕ್ರಾಸ್ ಪದಕ ಘೋಷಣೆಯಾಯಿತು. ಆದರೆ ಅದಕ್ಕೆ ಕೆಲವೇ ತಿಂಗಳ ಮೊದಲು ಕೆಂಪುಕೋಟೆಯಲ್ಲಿ ಆಝಾದ್ ಹಿಂದ್ ಫೌಜಿನ ಶಾಹನವಾಝ್ ಖಾನ್, ಸೆಹಗಲ್, ಧಿಲ್ಲೋನ್ ಅವರ ವಿಚಾರಣೆ ನಡೆದು ಇಡೀ ದೇಶ ಅವರ ಬೆನ್ನಿಗೆ ನಿಂತಿತ್ತು. ಬ್ರಿಟಿಷ್ ದೊರೆಯ ಹೆಸರಿನ ಪದಕ ಪಡೆದವನಿಗೆ ಆ ಹೊತ್ತಿನಲ್ಲಿ ಜಾಗವೆಲ್ಲಿತ್ತು?

ಇಂದು ಈ ಎರಡು ನೆನಪುಗಳನ್ನು ಪರಸ್ಪರ ಎದುರು ನಿಲ್ಲಿಸುವ ಅಗತ್ಯ ನಮಗಿಲ್ಲ. ಸ್ವಾತಂತ್ರ್ಯಕ್ಕಾಗಿ ಫೌಜು ಸೇರಿದವರ ತ್ಯಾಗ ನಮ್ಮದು. ಕೊಟ್ಟ ಮಾತಿಗೆ, ಜೊತೆಗಿದ್ದ ಸಿಪಾಯಿಗಳಿಗೆ ಎರಡು ಬಗೆಯದೆ ಪ್ರಾಣ ಕೊಟ್ಟವರೂ ನಮ್ಮವರೇ. ಅನ್ಸಾರಿ ನಿರಾಕರಿಸಿದ್ದು ಸಾಮ್ರಾಜ್ಯದ ಮೇಲಿನ ಮೋಹದಿಂದ ಎಂದು ಷರಾ ಬರೆದುಬಿಡುವುದು ಸುಲಭ. ಆದರೆ ಒಂದು 'ಹೂಂ' ಎಂದಿದ್ದರೆ ಹಸಿವೂ ಹಿಂಸೆಯೂ ತಪ್ಪಬಹುದಿತ್ತು, ಅದನ್ನವರು ಹೇಳಲಿಲ್ಲ.

ಹಾಂಕಾಂಗ್‌ನ ಸ್ಟಾನ್ಲಿ ಸೈನಿಕ ಸಮಾಧಿಸ್ಥಳದಲ್ಲಿ ಅವರು ಮಲಗಿದ್ದಾರೆ. ಹುಟ್ಟಿದ ನೆಲದಲ್ಲಿ ಅವರ ಹೆಸರು ಬಲ್ಲವರು ವಿರಳ. ಒಬ್ಬ ಯೋಧನನ್ನು ನೆನೆಯಲು ಅವನು ತೊಟ್ಟ ಸಮವಸ್ತ್ರ ಯಾರದೆಂದು ನಾವು ಮೊದಲು ಕೇಳಲೇಬೇಕೇ?