ಟೀ ಶರ್ಟಿನ ಮೇಲಿನ ದೇವರು, ಸಾಬರಮತಿ ದಡದ ಬಟ್ಟೆ ಗುಡಿ

ಜಾತ್ರೆ, ಗಣೇಶನ ಹಬ್ಬ ಬಂತೆಂದರೆ ನಮ್ಮ ಊರುಗಳ ಯುವಕ ಸಂಘದವರು ದೇವರ ಚಿತ್ರ ಹಾಕಿಸಿ ಟೀ ಶರ್ಟ್ ಮಾಡಿಸುತ್ತಾರೆ. ಚಿತ್ರ, ಅಳತೆ, ಬಣ್ಣ ಎಲ್ಲವನ್ನೂ ಮೊಬೈಲಿನಲ್ಲೇ ಕಳಿಸಿದರೆ ಸಾಕು. ಆಗ ಮನೆಯ ಹಿರಿಯರು ಕೇಳುವುದುಂಟು: ಬೆವರು ಹತ್ತುವ ಬಟ್ಟೆ ಮೇಲೆ ದೇವರು ಯಾಕಪ್ಪಾ?

ಪ್ರಶ್ನೆ ಸರಿಯಾದದ್ದೇ. ಆದರೆ ಹತ್ತಿ ಬಟ್ಟೆಯ ಮೇಲೆ ದೇವರನ್ನು ಬರೆಸುವುದು ಹೊಸದಲ್ಲ. ಅದರ ಹಿಂದೆ ಒಂದು ನೋವೂ ಇದೆ. ಅದನ್ನು ತಿಳಿಯಲು ನಾವು ಗುಜರಾತಿನ ಅಹಮದಾಬಾದಿಗೆ ಹೋಗಬೇಕು.

ಅಲ್ಲಿ ಸಾಬರಮತಿ ದಡದಲ್ಲಿ ದೇವಿಪೂಜಕ ಸಮುದಾಯದವರಿದ್ದಾರೆ. ಹಿಂದೆ ಅವರನ್ನು ವಾಘರಿ ಎನ್ನುತ್ತಿದ್ದರು. ಮೇಲ್ಜಾತಿಯವರು ಅವರನ್ನು ಗುಡಿಯೊಳಗೆ ಬಿಡುತ್ತಿರಲಿಲ್ಲ. ಅವರು ಬಟ್ಟೆಯ ಮೇಲೆಯೇ ಗುಡಿ ಬರೆದುಕೊಂಡರು. ನಡುವೆ ತಾಯಿ, ಸುತ್ತ ಭಕ್ತರು, ಪ್ರಾಣಿಗಳು, ಪುರಾಣದ ಕಥೆಗಳು. ಮೊಸಳೆ ಮೇಲೆ ಖೋಡಿಯಾರ್, ಹುಂಜದ ಮೇಲೆ ಬಹುಚರಾ, ಆಡಿನ ಮೇಲೆ ಮೇಲಡಿ. ಅದನ್ನು ಕಟ್ಟಿದರೆ ಬಯಲೇ ಗುಡಿ. ಇದರ ಹೆಸರು 'ಮಾತಾ ನಿ ಪಛೇಡಿ'. ತಾಯಿಯ ಹಿಂದೆ ಕಟ್ಟುವ ಬಟ್ಟೆ ಎಂದರ್ಥ.

ಇದೂ ಹೇಳಿ ಮಾಡಿಸುವ ಬಟ್ಟೆಯೇ. ಹರಕೆ ತೀರಿದವರು ತಮ್ಮ ದೇವಿಯ ಹೆಸರು ಹೇಳಿ ಬರೆಸುತ್ತಿದ್ದರು. ಬಟ್ಟೆಯ ಗಂಜಿ ತೆಗೆದು, ಅಳಲೆಕಾಯಿ ನೀರಿನಲ್ಲಿ ನೆನೆಸಿ ಒಣಗಿಸುತ್ತಾರೆ. ಕಬ್ಬಿಣದ ತುಕ್ಕು, ಬೆಲ್ಲ ಕೊಳೆಸಿದ ನೀರಿನಿಂದ ಕಪ್ಪು ಗೆರೆ ಎಳೆಯುತ್ತಾರೆ. ಪಟಿಕ ಹಚ್ಚಿದ ಜಾಗ ಬಣ್ಣದ ನೀರಿನಲ್ಲಿ ಕುದಿಸಿದಾಗ ಕೆಂಪಾಗುತ್ತದೆ. ತೊಳೆಯಲು ಹರಿಯುವ ನೀರೇ ಬೇಕು, ನಿಂತ ನೀರಿನಲ್ಲಿ ಬಣ್ಣ ಒಂದಕ್ಕೊಂದು ಹತ್ತಿಕೊಳ್ಳುತ್ತದೆ.

ದೇವರ ಚಿತ್ರವನ್ನು ಬಡವರ ಮನೆಗೂ ಮುಟ್ಟಿಸಿದ್ದು ಅಚ್ಚಿನ ಯಂತ್ರ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದರು. ಅವರ ಲಕ್ಷ್ಮಿ, ಸರಸ್ವತಿ ಮನೆಮನೆಯ ಗೋಡೆ ಸೇರಿದರು. ಅವರು ಕೈಯಾರೆ ಬರೆದ ಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನೋಡಬಹುದು. ಅವರು ತೀರಿಕೊಂಡದ್ದು 1906ರಲ್ಲಿ. ನಮ್ಮ ಕಾನೂನಿನಲ್ಲಿ ಚಿತ್ರದ ಹಕ್ಕು ಕಲಾವಿದ ತೀರಿಕೊಂಡ ನಂತರ 60 ವರ್ಷ ಇರುತ್ತದೆ. ಹಾಗಾಗಿ ಅವರ ಚಿತ್ರವನ್ನು ಈಗ ಯಾರು ಬೇಕಾದರೂ ಟೀ ಶರ್ಟಿಗೆ ಹಾಕಿಸಬಹುದು.

ಪಛೇಡಿಯ ಮಾತು ಬೇರೆ. ಅದನ್ನು ಬರೆಯುವ ಚಿತಾರಾ ಮನೆತನದವರು ಇಂದಿಗೂ ಇದ್ದಾರೆ, ಈ ಕೆಲಸದಿಂದಲೇ ಊಟ ಮಾಡುತ್ತಾರೆ. ಭಾನುಭಾಯಿ ಚಿತಾರಾ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಕೈಯಲ್ಲಿ ಒಂದು ಪಛೇಡಿ ಮುಗಿಸಲು ವಾರಗಟ್ಟಲೆ ಹಿಡಿಯುತ್ತದೆ. ಅದರ ಫೋಟೊ ತೆಗೆದು ಟೀ ಶರ್ಟಿಗೆ ಅಚ್ಚು ಹಾಕಲು ಕೆಲವೇ ನಿಮಿಷ ಸಾಕು. ಆ ದುಡ್ಡಿನಲ್ಲಿ ಬರೆದವರಿಗೆ ಪಾಲು ಸಿಗದಿದ್ದರೆ, ಒಂದು ಕಾಲಕ್ಕೆ ಗುಡಿಯ ಹೊರಗೆ ನಿಂತವರು ಇಂದು ಅಂಗಡಿಯ ಹೊರಗೂ ನಿಂತ ಹಾಗಾಯಿತು.

ಹಿರಿಯರ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ಪಛೇಡಿಯನ್ನು ಕಟ್ಟಿ ಪೂಜಿಸುತ್ತಿದ್ದರು, ಉಡುತ್ತಿರಲಿಲ್ಲ. ಮೈಮೇಲೆ ಹಾಕಿಕೊಳ್ಳುವುದು ಬಿಡುವುದು ಅವರವರ ಭಕ್ತಿಗೆ ಬಿಟ್ಟದ್ದು. ಆದರೆ ಮುಂದಿನ ಜಾತ್ರೆಗೆ ಆರ್ಡರ್ ಕೊಡುವಾಗ ಅಳತೆ, ಬಣ್ಣದ ಜೊತೆಗೆ ಇನ್ನೊಂದು ಮಾತು ಕೇಳಿ: ಈ ಚಿತ್ರ ಬರೆದವರು ಯಾರು, ಅವರಿಗೆ ಏನು ಸಿಕ್ಕಿತು?